ಅಂಕಿತದವರೆಗೆ

ವಚನಕ್ಕೆ ಕೊನೆಯೆಂಬುದು ಅಂಕಿತ. ಓದಾಗಲಿ ಹಾಡಾಗಲಿ, ಆ ನಾಮ ಬಂದಾಗಲೇ ನುಡಿಯು ತನ್ನ ನೆಲೆಯನ್ನು ಸೇರುತ್ತದೆ. ಇದು ಯಾವ ಶರಣರ ನುಡಿಯೆಂಬುದು ಕೇಳುವವರಿಗೂ ಆಗಲೇ ತಿಳಿಯುತ್ತದೆ. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ. ಬಹುತೇಕ ಶರಣರು ತಮ್ಮ ಹೆಸರನ್ನು ಹೇಳಿಕೊಳ್ಳಲಿಲ್ಲ. ತಾವು ನಂಬಿದ ದೈವದ ಹೆಸರನ್ನಿಟ್ಟು ಸುಮ್ಮನಾದರು. ಆ ಕೊನೆಯ ಏಳೆಂಟು ಅಕ್ಷರಗಳು ಒಂದು ಸಂಜೆ ಮೂಡಲಗಿಯಲ್ಲಿ ಧ್ವನಿವರ್ಧಕದ ಗದ್ದಲದೊಳಗೆ ಮುಳುಗಿಹೋದವು.

ಅದು ಶ್ರಾವಣಮಾಸ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರೂ ಊರುಗಳಲ್ಲಿ ಸಂಜೆಯ ಪ್ರವಚನಗಳು ನಡೆದಿದ್ದವು. ಧ್ವನಿವರ್ಧಕದ ಸೇವೆಯನ್ನು ಗೋಕಾಕದ ಒಬ್ಬ ಯುವಕ ವಹಿಸಿಕೊಂಡಿದ್ದ. ಅವನದು ಪೇಟೆಯಲ್ಲಿ ರೇಡಿಯೋ, ಆಂಪ್ಲಿಫೈಯರ್, ಮೊಬೈಲು ದುರಸ್ತಿಯ ಸಣ್ಣ ಅಂಗಡಿ. ಅವನ ತಂದೆ ಸುತ್ತಲಿನ ಹಳ್ಳಿಗಳ ಮದುವೆ, ಜಾತ್ರೆ, ಪಾರಿಜಾತದಾಟಗಳಿಗೆ ಬಹುಕಾಲ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವರು. ಅಹುಜಾ ಆಂಪ್ಲಿಫೈಯರ್, ಎರಡು ಹಾರ್ನು, ಒಂದು ಟೇಪ್ ರೆಕಾರ್ಡರು, ಇಷ್ಟೇ ಅವರ ಬಂಡವಾಳ. ಮಗನ ಕಾಲಕ್ಕೆ ಟೇಪ್ ಹೋಗಿ ಲ್ಯಾಪ್‌ಟಾಪ್ ಬಂದಿತ್ತು. ಪ್ರವಚನದ ಮೊದಲು ಅರ್ಧ ಗಂಟೆ ವಚನಗಾಯನದ ಧ್ವನಿಮುದ್ರಿಕೆಗಳನ್ನು ಕೇಳಿಸುವುದು, ಪೂಜ್ಯರು ಪೀಠಕ್ಕೆ ಬಂದಾಗ ಅದನ್ನು ಇಳಿಸುವುದು, ಮುಗಿದ ಮೇಲೆ ಮತ್ತೆ ಏರಿಸುವುದು ಅವನ ಕಾಯಕ. ಹಾಡು ಹಠಾತ್ತನೆ ನಿಂತರೆ ಸಭೆಗೆ ಮುಖಕ್ಕೆ ಬಾಗಿಲು ಹಾಕಿದಂತಾಗುತ್ತದೆ. ಆದ್ದರಿಂದ ದನಿಯನ್ನು ಮೆಲ್ಲನೆ ಇಳಿಸಬೇಕು. ಇದಕ್ಕೆ ಫೇಡ್ ಎಂದು ಹೆಸರು.

ಮೂಡಲಗಿಯಲ್ಲಿ ಆದದ್ದು ಇಷ್ಟು. ಒಂದು ಹಾಡು ಮುಗಿದು ಇನ್ನೊಂದು ತೊಡಗುವ ನಡುವೆ ಬರುವ ಮೌನ ಅವನಿಗೆ ಬರಿದೆನಿಸುತ್ತಿತ್ತು. ಹಾಡು ನುಡಿಸುವ ತಂತ್ರಾಂಶದಲ್ಲಿ ಕ್ರಾಸ್‌ಫೇಡ್ ಎಂಬ ಏರ್ಪಾಡು ಇರುತ್ತದೆ. ಮೊದಲನೆಯ ಹಾಡಿನ ಕೊನೆಯ ಕೆಲವು ಸೆಕೆಂಡು ದನಿ ಇಳಿಯುತ್ತಿರುವಾಗಲೇ ಎರಡನೆಯ ಹಾಡಿನ ದನಿ ಏರುತ್ತ ಬರುತ್ತದೆ. ವಿನ್‌ಆಂಪ್ ಕಾಲದಿಂದಲೂ ಇದು ಬಳಕೆಯಲ್ಲಿದೆ. ಆತ ಅದಕ್ಕೆ 8 ಸೆಕೆಂಡು ಎಂದು ಗುರುತು ಹಾಕಿಟ್ಟಿದ್ದ. ಸಿನಿಮಾ ಹಾಡಿಗಾದರೆ ತೊಂದರೆಯಿಲ್ಲ. ಅಲ್ಲಿ ಕೊನೆಯ 8 ಸೆಕೆಂಡು ಹೆಚ್ಚಾಗಿ ವಾದ್ಯದ್ದು. ವಚನಗಾಯನದಲ್ಲಿ ಹಾಗಲ್ಲ. ವಿಲಂಬಿತದಲ್ಲಿ ಹಾಡುವವರು ಅಂಕಿತವನ್ನು ಎಳೆದು, ಅದರ ಮೇಲೆ ನಿಂತು, ಷಡ್ಜಕ್ಕೆ ಬಂದು ಮುಗಿಸುತ್ತಾರೆ. ಆ ಕೊನೆಯ 8 ಸೆಕೆಂಡಿನಲ್ಲಿಯೇ ಚೆನ್ನಮಲ್ಲಿಕಾರ್ಜುನ ಇದ್ದ. ಅವನ ಮೇಲೆ ಮುಂದಿನ ಹಾಡಿನ ತಬಲಾ ಏರಿಬಂದಿತು.

ಸಭೆಯ ಮುಂಭಾಗದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದುಬಂದು ಯಂತ್ರದ ಪಕ್ಕದಲ್ಲಿ ನಿಂತರು.

"ತಮ್ಮಾ, ಹಾಡ ಚಲೋ ಇತ್ತು. ಖರೆ, ಯಾರ ವಚನಾ ಅಂತ ಹೇಳೂ ಹೊತ್ತಿಗೆ ಅಕ್ಕನ ಬಾಯಿ ಮುಚ್ಚಿಸಿಬಿಟ್ಟೆಲ್ಲೋ."

"ಯಜಮಾನರ, ನಾ ಏನೂ ಮುಟ್ಟಿಲ್ರೀ. ಅದು ತಾನ ಮಾಡತೈತ್ರಿ."

"ತಾನ ಮಾಡೂದಿದ್ರ ನೀ ಯಾಕ ಕುಂತೀಪಾ ಇಲ್ಲಿ?"

ಮಾತು ನಗುನಗುತ್ತಲೇ ಬಂದಿತ್ತು. ಆದರೂ ಆ ರಾತ್ರಿ ಸಾಮಾನು ಕಟ್ಟಿಕೊಂಡು ಗೋಕಾಕಕ್ಕೆ ಮರಳುವ ಹಾದಿಯುದ್ದಕ್ಕೂ ಅದು ಅವನನ್ನು ಬಿಡಲಿಲ್ಲ.

ಕ್ರಾಸ್‌ಫೇಡನ್ನು ತೆಗೆದುಹಾಕುವುದು ಒಂದು ಕ್ಷಣದ ಕೆಲಸ. ಅದು ಅಲ್ಲಿಗೆ ಮುಗಿಯಿತು. ಮುಗಿಯದೆ ಉಳಿದದ್ದು ಇಳಿಸುವ ಕೆಲಸ. ಪೂಜ್ಯರು ಬಂದಾಗ ಹಾಡು ಎಲ್ಲಿದ್ದರೂ ಇಳಿಸಲೇಬೇಕಲ್ಲ. ಆತ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಕೆಲವು ಹಾಡುಗಳಿಗೆ ಮೊದಲೇ 10 ಸೆಕೆಂಡಿನ ಫೇಡ್ ಮಾಡಿಟ್ಟುಕೊಂಡಿದ್ದ. 2000ದಲ್ಲಿ ಮೊದಲ ಬಾರಿಗೆ ಹೊರಬಂದ ಈ ತಂತ್ರಾಂಶ ಶಬ್ದವನ್ನು ತೆರೆಯ ಮೇಲೆ ಅಲೆಗಳ ಚಿತ್ರವಾಗಿ ತೋರಿಸುತ್ತದೆ. ಫೇಡ್ ಮಾಡಿದೊಡನೆ ಆ ಅಲೆ ಎಡದಿಂದ ಬಲಕ್ಕೆ ಅಚ್ಚುಕಟ್ಟಾಗಿ, ರೈತರು ಹೊಡೆದ ನೇರ ಸಾಲಿನಂತೆ ಇಳಿದು ಕೊನೆಯಲ್ಲಿ ಮೊನೆಯಾಗುತ್ತದೆ. ಕಣ್ಣಿಗೆ ಅದಕ್ಕಿಂತ ಚೆಂದದ್ದಿಲ್ಲ. ಕಿವಿಗೆ ಮಾತ್ರ ಅದು ಬೇರೆಯದೇ ಆಗಿ ಕೇಳುತ್ತಿತ್ತು: ಒಂಬತ್ತು ಸೆಕೆಂಡು ಏನೂ ಇಳಿಯಲೊಲ್ಲದು, ಕೊನೆಯ ಒಂದು ಸೆಕೆಂಡಿನಲ್ಲಿ ಎಲ್ಲವೂ ಬಾವಿಗೆ ಬಿದ್ದ ಕೊಡದಂತೆ ಜಾರಿಹೋಗುವುದು.

ಇದಕ್ಕೆ ಕಾರಣ ಕಿವಿಯ ಲೆಕ್ಕ. ಮನುಷ್ಯನ ಕಿವಿ ದನಿಯನ್ನು ಕೂಡಿಸಿ ಕಳೆದು ಅಳೆಯುವುದಿಲ್ಲ, ಮಡಿಗಳಲ್ಲಿ ಅಳೆಯುತ್ತದೆ. ಅದಕ್ಕಾಗಿಯೇ ಡೆಸಿಬಲ್ ಎಂಬ ಮಾನ ಬಂದಿತು. ಟೆಲಿಫೋನಿನ ಗ್ರಹಾಂ ಬೆಲ್ ಅವರ ಹೆಸರು ಅದರೊಳಗಿದೆ. ಅಲೆಯ ಎತ್ತರ ಅರ್ಧವಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. ಹತ್ತನೆಯ ಒಂದಂಶವಾದರೆ 20, ನೂರರ ಒಂದಂಶವಾದರೆ 40. ಕೇಳುವವರಿಗೆ ದನಿ ಅರ್ಧವಾಯಿತೆಂದು ತೋರುವುದಕ್ಕೆ ಸುಮಾರು 10 ಡೆಸಿಬಲ್ ಇಳಿಯಬೇಕು. ಈಗ ಆ ನೇರ ಸಾಲಿನ ಫೇಡನ್ನು ನೋಡಿದರೆ, ಐದನೆಯ ಸೆಕೆಂಡಿಗೆ ಅದು ಇಳಿದಿರುವುದು 6 ಡೆಸಿಬಲ್ ಮಾತ್ರ. ಅರ್ಧ ಹಾದಿ ಸವೆದರೂ ಕಿವಿಗೆ ಅರ್ಧವೂ ಇಳಿದಿಲ್ಲ. ಒಂಬತ್ತನೆಯ ಸೆಕೆಂಡಿಗೆ 20. ಮಿಕ್ಕ ಒಂದೇ ಸೆಕೆಂಡಿನಲ್ಲಿ 20ರಿಂದ ಪೂರ್ಣ ಮೌನಕ್ಕೆ ಇಳಿಯಬೇಕು. ಜಾರಿಬೀಳದೆ ಇನ್ನೇನು ಮಾಡೀತು!

ತಂದೆಗೆ ಈ ಲೆಕ್ಕ ಗೊತ್ತಿರಲಿಲ್ಲ. ಆದರೆ ಅವರ ಕೈ ಎಂದೂ ಜಾರಿದ್ದಿಲ್ಲ. ಪಾರಿಜಾತದಾಟದಲ್ಲಿ ಹಾಡು ಮುಗಿದು ಮಾತು ತೊಡಗುವಾಗ ಅವರು ಆಂಪ್ಲಿಫೈಯರಿನ ಗುಂಡಿಯನ್ನು ಒಂದೇ ಸಮನೆ ತಿರುವುತ್ತಿದ್ದರು; ಹಾರ್ಮೋನಿಯಂ ಮಾತಿನ ಅಡಿಗೆ ಹಾಸಿದ ಕಂಬಳಿಯಂತೆ ಕೆಳಗಿಳಿಯುತ್ತಿತ್ತು. ಮಗನಿಗೆ ಅದರ ಗುಟ್ಟು ತಿಳಿದದ್ದು ಅಂಗಡಿಯ ಮೇಜಿನ ಮೇಲೆ. ಹಳೆಯ ಆಂಪ್ಲಿಫೈಯರಿನ ವಾಲ್ಯೂಮ್ ಗುಂಡಿ ಸವೆದು ಕರಕರ ಎನ್ನುತ್ತಿದ್ದುದರಿಂದ ಆತ ಅದರ ಕೆಳಗಿನ ಪೊಟೆನ್ಶಿಯೋಮೀಟರನ್ನು ಬದಲಾಯಿಸಿದ. ಕೈಗೆ ಸಿಕ್ಕದ್ದನ್ನು ಹಾಕಿದ. ಅಂದಿನಿಂದ ಗುಂಡಿ ಹುಚ್ಚುಹಿಡಿದಂತೆ ವರ್ತಿಸತೊಡಗಿತು: ಎಳ್ಳಷ್ಟು ತಿರುವಿದರೆ ದನಿ ಹಾರಿ ಏರುವುದು, ಆ ಬಳಿಕ ಎಷ್ಟು ತಿರುವಿದರೂ ಹೆಚ್ಚೇನೂ ಆಗದು. ತೆಗೆದು ನೋಡಿದರೆ ಹಳೆಯದರ ಮೇಲೆ 'ಎ' ಎಂಬ ಗುರುತು, ಹೊಸದರ ಮೇಲೆ 'ಬಿ'. ಬಿ ಎಂದರೆ ನೇರ ಲೆಕ್ಕದ್ದು. ಎ ಎಂದರೆ ಕಿವಿಯ ಲೆಕ್ಕಕ್ಕೆ ಬಾಗಿಸಿದ್ದು. ಗುಂಡಿ ಅರ್ಧ ಸುತ್ತು ತಿರುಗಿದಾಗ ಅದು ಅಲೆಯ ಹತ್ತನೆಯ ಒಂದಂಶದಷ್ಟನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಮಾತ್ರ ಬಿಡುತ್ತದೆ. ಆ ಗುಂಡಿಯನ್ನು ಮಾಡಿದವರು ಕೈಯ ಸಮ ನಡಿಗೆಯನ್ನು ಕಿವಿಯ ಸಮ ಇಳಿತವನ್ನಾಗಿ ಮಾರ್ಪಡಿಸುವ ಕೆಲಸವನ್ನು ಮೊದಲೇ ಮಾಡಿಟ್ಟಿದ್ದರು. ತಂತ್ರಾಂಶದ ನೇರ ಗೆರೆಗೆ ಆ ಉಪಕಾರವಿಲ್ಲ. ಅದನ್ನು ಬಳಸುವವನೇ ಬಾಗಿಸಿಕೊಳ್ಳಬೇಕು.

"ಕಿವಿ ಹೇಳಿದಂಗ ಕೈ ತಿರಗಬೇಕೋ, ಕಣ್ಣ ಹೇಳಿದಂಗ ಅಲ್ಲ" ಎಂದು ತಂದೆ ಹೇಳುತ್ತಿದ್ದುದು ಅವನಿಗೆ ಆಗ ನೆನಪಾಯಿತು. ತೆರೆಯ ಕಡೆ ನೋಡುತ್ತ ಫೇಡ್ ಮಾಡುವುದನ್ನು ಆತ ಅಂದೇ ಬಿಟ್ಟ. ಗೆರೆಯನ್ನು ಎಳೆದಾದ ಮೇಲೆ ಕಣ್ಣು ಮುಚ್ಚಿ ಕೇಳುವುದು ಅವನ ರೂಢಿಯಾಯಿತು.

ಕಿವಿಯ ಲೆಕ್ಕವೇ ಸರಿಯೆಂದ ಮೇಲೆ ಡೆಸಿಬಲ್ಲಿನಲ್ಲಿ ನೇರವಾಗಿ ಇಳಿಸಿದರಾಯಿತು ಎಂದು ಯಾರಿಗಾದರೂ ಅನಿಸೀತು. ಅವನಿಗೂ ಹಾಗೆಯೇ ಅನಿಸಿತು. ತಂಬೂರಿಯ ತಂತಿಯನ್ನು ಮೀಟಿ ಬಿಟ್ಟರೆ ನಾದ ಆರುವುದು ಹೆಚ್ಚುಕಡಿಮೆ ಈ ಕ್ರಮದಲ್ಲಿಯೇ. ಗುಡಿಯ ಗಂಟೆಯದೂ ಅದೇ ಬಗೆ. 10 ಸೆಕೆಂಡಿನಲ್ಲಿ 60 ಡೆಸಿಬಲ್, ಅಂದರೆ ಸೆಕೆಂಡಿಗೆ 6ರಂತೆ ಇಳಿಯುವ ಹಾಗೆ ಎನ್‌ವೆಲಪ್ ಎಂಬ ಸಲಕರಣೆಯಿಂದ ಚುಕ್ಕೆಗಳನ್ನಿಟ್ಟು ಗೆರೆಯನ್ನು ಬಾಗಿಸಿದ. ಅಂಗಡಿಯಲ್ಲಿ ರಾತ್ರಿ ಹತ್ತರ ಮೇಲೆ ಕೇಳಿದರೆ ಸಾಕ್ಷಾತ್ ತಂಬೂರಿಯೇ ಆರಿದಂತೆ. ಮರುದಿನ ಮೂಡಲಗಿಯ ಬಯಲಿನಲ್ಲಿ ಅದೇ ಕಡತ ನಾಲ್ಕೇ ಸೆಕೆಂಡಿಗೆ ಮುಗಿದುಹೋಯಿತು. ಉಳಿದ ಆರು ಸೆಕೆಂಡು ಅದು ಯಾರಿಗೂ ಕೇಳದೆ ಇಳಿಯುತ್ತಲೇ ಇತ್ತು.

ಬಯಲಿಗೆ ತನ್ನದೇ ಆದ ಶಬ್ದವಿದೆ. ಜನರೇಟರಿನ ಗುಡುಗು, ಮಕ್ಕಳ ಅಳು, ಹಿಂದಿನ ಸಾಲಿನವರ ಕುಶಲಪ್ರಶ್ನೆ, ದಾಸೋಹದ ಕಡೆಯಿಂದ ಪಾತ್ರೆಗಳ ಸದ್ದು. ಹಾಡು 75 ಡೆಸಿಬಲ್ಲಿನಲ್ಲಿದ್ದು ಈ ಗುಜುಗುಜು 50 ಇದ್ದರೆ, ಕೇಳುವವರಿಗೆ ದೊರೆಯುವ ಇಳಿಜಾರು 25 ಡೆಸಿಬಲ್ ಮಾತ್ರ. ಅದರ ಕೆಳಗೆ ಇಳಿದದ್ದೆಲ್ಲ ನೀರಿನಡಿಯ ಮೆಟ್ಟಿಲು. ಹೀಗಾಗಿ ಫೇಡಿಗೆ ಅಂತಸ್ಥವಾದ ಒಂದು ಸರಿಯಾದ ಆಕಾರವೆಂಬುದಿಲ್ಲ. ಅದು ಯಾವ ಊರಿನಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಜನರ ನಡುವೆ ಮುಗಿಯಬೇಕು ಎಂಬುದರ ಮೇಲೆ ನಿಂತಿದೆ. ಮೂಡಲಗಿಗೆ ಆತ 25 ಡೆಸಿಬಲ್ಲಿನಷ್ಟನ್ನು ನಿಧಾನವಾಗಿ ಏಳೆಂಟು ಸೆಕೆಂಡಿಗೆ ಹಂಚಿ, ಉಳಿದದ್ದನ್ನು ಬೇಗನೆ ಇಳಿಸಿಬಿಡುವ ಗೆರೆಯೊಂದನ್ನು ಮಾಡಿಕೊಂಡ. ಗೋಕಾಕದ ಶಾಂತವಾದ ಕೋಣೆಯ ಪ್ರಾರ್ಥನೆಗೆ ಬೇರೆ ಗೆರೆ. ಹುಕ್ಕೇರಿಯ ಸಭಾಭವನ ಮೂರನೆಯ ಬಗೆಯದು. ಅಲ್ಲಿ ಗೋಡೆಗಳೇ ದನಿಯನ್ನು ಹಿಡಿದಿಟ್ಟುಕೊಂಡು ಮೆಲ್ಲನೆ ಬಿಡುತ್ತಿದ್ದವು.

ಕಟ್ಟಡದೊಳಗೆ ನಾದ ಆರುವ ಕಾಲವನ್ನು ಮೊದಲು ಅಳೆದವರು ಹಾರ್ವರ್ಡಿನ ವ್ಯಾಲೆಸ್ ಸಬೈನ್. 1895ರಿಂದ ಆರಂಭಿಸಿ, ಒಂದು ಆರ್ಗನ್ ಕೊಳವೆ, ಒಂದು ಗಡಿಯಾರ, ಬೇರೊಂದು ಸಭಾಂಗಣದಿಂದ ತಂದ ಮೆತ್ತೆಗಳು, ಇಷ್ಟನ್ನಿಟ್ಟುಕೊಂಡು ರಾತ್ರಿಗಳನ್ನು ಕಳೆದರು. ಮೆತ್ತೆಗಳು ಹೆಚ್ಚಿದಂತೆ ನಾದ ಬೇಗ ಆರುತ್ತಿತ್ತು. ಮನುಷ್ಯರ ಮೈ ಮತ್ತು ಬಟ್ಟೆ ಕೂಡ ಮೆತ್ತೆಯಂತೆಯೇ ದನಿಯನ್ನು ನುಂಗುತ್ತವೆ. ಮಧ್ಯಾಹ್ನ ಖಾಲಿ ಭವನದಲ್ಲಿ ಸರಿಪಡಿಸಿದ ಫೇಡ್ ಸಂಜೆ ತುಂಬಿದ ಸಭೆಯಲ್ಲಿ ತಪ್ಪುವುದಕ್ಕೆ ಇದೇ ಕಾರಣ. ಭಕ್ತರು ಬಂದು ಕುಳಿತ ಮೇಲೆಯೇ ಭವನ ತನ್ನ ನಿಜವಾದ ದನಿಯನ್ನು ತೋರಿಸುತ್ತದೆ.

ಒಂದು ರವಿವಾರ ಆತ ಫಾಲ್ಸಿಗೆ ಹೋದ. ಗೋಕಾಕದಿಂದ ಆರು ಕಿಲೋಮೀಟರು. ಘಟಪ್ರಭೆ ಸುಮಾರು 52 ಮೀಟರು ಎತ್ತರದಿಂದ ಧುಮ್ಮಿಕ್ಕುವ ಜಾಗ. ಶ್ರಾವಣದಲ್ಲಿ ನೀರು ಕೆಮ್ಮಣ್ಣಿನ ಬಣ್ಣದ್ದು. ತೂಗುಸೇತುವೆಯ ಹತ್ತಿರ ನಿಂತರೆ ಪಕ್ಕದವರ ಮಾತು ಕೇಳದು. ಅಲ್ಲಿಂದ ಹಿಮ್ಮುಖವಾಗಿ ರಸ್ತೆ ಹಿಡಿದು ನಡೆಯುತ್ತ ಹೋದಂತೆ ಆ ಘೋಷ ಇಳಿಯುವುದನ್ನು ಕೇಳುವುದೇ ಅವನ ಉದ್ದೇಶ. ಬಯಲಿನಲ್ಲಿ ಒಂದು ಬಿಂದುವಿನಿಂದ ಹೊರಟ ಶಬ್ದ, ದೂರ ಇಮ್ಮಡಿಸಿದಂತೆಲ್ಲ 6 ಡೆಸಿಬಲ್ ಇಳಿಯುತ್ತದೆ. ನೂರು ಹೆಜ್ಜೆಯಿಂದ ಇನ್ನೂರಕ್ಕೆ ಎಷ್ಟು ಇಳಿಯಿತೋ, ಇನ್ನೂರರಿಂದ ನಾನೂರಕ್ಕೂ ಅಷ್ಟೇ. ಜಲಪಾತ ಬಿಂದುವಲ್ಲ, ಅಗಲವಾದ ಪರದೆ. ಆದ್ದರಿಂದ ಹತ್ತಿರದಲ್ಲಿ ಅದು ಇನ್ನೂ ನಿಧಾನವಾಗಿ ಇಳಿಯುತ್ತದೆ. ಆದರೆ ಅವನು ಗಮನಿಸಿದ್ದು ಇನ್ನೊಂದನ್ನು. ದೂರ ಹೋದಂತೆ ಮೊದಲು ಮಾಯವಾಗುವುದು ನೀರಿನ ಸುಯ್ಯೆನ್ನುವ ಮೇಲುಸದ್ದು; ಕೊನೆಯವರೆಗೆ ಉಳಿಯುವುದು ತಗ್ಗಿನ ಗುಡುಗು. ಗಾಳಿ ಎತ್ತರದ ಸ್ವರಗಳನ್ನು ಹೆಚ್ಚು ನುಂಗುತ್ತದೆ. ತಂತ್ರಾಂಶದ ಫೇಡಿನಲ್ಲಿ ಆಗುವುದು ಇದಕ್ಕೆ ತಿರುಗುಮುರುಗು. ಅದು ಎಲ್ಲ ಸ್ವರಗಳನ್ನೂ ಸಮನಾಗಿ ಇಳಿಸುತ್ತದೆ. ಆದರೆ ಸಣ್ಣ ದನಿಯಲ್ಲಿ ಕಿವಿ ತಗ್ಗಿನ ಸ್ವರಗಳನ್ನೇ ಮೊದಲು ಕಳೆದುಕೊಳ್ಳುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಫೇಡ್ ಆದ ಹಾಡು ದೂರ ಹೋದ ಹಾಡಿನಂತೆ ಕೇಳದೆ, ಅಲ್ಲಿಯೇ ಕುಳಿತು ಸೊರಗಿದ ಹಾಡಿನಂತೆ ಕೇಳುವುದು ಅದಕ್ಕಾಗಿ.

ಗುಂಡಿಯಾಗಲಿ ತಂತ್ರಾಂಶವಾಗಲಿ ನೆರವಿಗಿಲ್ಲದೆ ಇದನ್ನು ಸಾಧಿಸಿದವರೂ ಇದ್ದಾರೆ. ಇಂಗ್ಲೆಂಡಿನ ಗುಸ್ತಾವ್ ಹೋಲ್ಸ್ಟ್ ಗ್ರಹಗಳ ಮೇಲೆ ರಚಿಸಿದ ವಾದ್ಯವೃಂದದ ಕೃತಿಯ ಕೊನೆಯಲ್ಲಿ ಸ್ತ್ರೀಯರ ವೃಂದವನ್ನು ಪಕ್ಕದ ಕೋಣೆಯಲ್ಲಿ ಹಾಡಿಸಿ, ನಡುವಿನ ಬಾಗಿಲನ್ನು ಸದ್ದಿಲ್ಲದೆ ಮೆಲ್ಲಗೆ ಮುಚ್ಚುತ್ತ ಹೋಗಬೇಕೆಂದು ಸೂಚಿಸಿದ್ದಾನೆ. ಆ ಕೃತಿ ಮೊದಲು ನುಡಿಸಲ್ಪಟ್ಟದ್ದು 1918ರಲ್ಲಿ. ಇತ್ತ ಗ್ರಾಮಫೋನಿನ ಆರಂಭದ ದಿನಗಳಲ್ಲಿ ಇಳಿಸುವ ಮಾತೇ ಇರಲಿಲ್ಲ. ತಟ್ಟೆಯಲ್ಲಿದ್ದ ಮೂರು ನಿಮಿಷದೊಳಗೆ ಹಾಡಿ ಮುಗಿಸಬೇಕಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಗೊಂಡ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರು ಯಾವ ತಟ್ಟೆ ಯಾರದೆಂದು ಗುರುತು ಹಚ್ಚುವುದಕ್ಕೆ ಆ ಕೂಗು ನೆರವಾಗುತ್ತಿತ್ತು. ಅದೂ ಒಂದು ಬಗೆಯ ಅಂಕಿತವೇ ಅಲ್ಲವೇ? ಯಾರಾದರೂ ಆ ತಟ್ಟೆಯ ಕೊನೆಯನ್ನು ಮೃದುವಾಗಲೆಂದು ಇಳಿಸಿಬಿಟ್ಟಿದ್ದರೆ ಹಾಡು ಉಳಿದು ಹಾಡಿದವರು ಕಳೆದುಹೋಗುತ್ತಿದ್ದರು.

ಅಂತೂ ಆತ ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡ. ಪೂಜ್ಯರು ಬಾಗಿಲಲ್ಲಿ ಕಂಡೊಡನೆ ಕೈ ಹಾಕಬಾರದು. ಹಾಡುವವರು ಎಲ್ಲಿದ್ದಾರೆಂದು ಕೇಳಬೇಕು. ಅಂಕಿತ ಹತ್ತಿರವಿದ್ದರೆ ಅದು ಆಗಿಬಿಡಲಿ. ದೂರವಿದ್ದರೆ ಸಾಲಿನ ಕೊನೆಗೆ ಉಸಿರು ಬಿಡುವ ಜಾಗದಲ್ಲಿ ಇಳಿಯತೊಡಗಿ, ಮುಂದಿನ ಸಾಲು ಹುಟ್ಟುವ ಮುನ್ನ ಮುಗಿಸಬೇಕು. ಮಾತಿನ ನಡುವೆ ಇಳಿಸಿದರೆ ಅದು ತುಂಡರಿಸಿದ ಮಾತು. ಒಂದು ಹಾಡಾದೊಡನೆ ತಾನೇ ನಿಲ್ಲುವ ಏರ್ಪಾಡು ಬಹುತೇಕ ತಂತ್ರಾಂಶಗಳಲ್ಲಿದೆ; ಅದನ್ನು ಸದಾ ಒತ್ತಿಟ್ಟುಕೊಂಡ. ಮುಂದಿನ ಹಾಡು ತಾನಾಗಿ ಬರಕೂಡದು. ಪೂಜ್ಯರು ಈ ಒಂದೆರಡು ಕ್ಷಣದ ತಡವನ್ನು ಗಮನಿಸಿದರೋ ಇಲ್ಲವೋ, ಅವರು ಒಂದು ಸಂಜೆ ಮೆಟ್ಟಿಲ ಮೇಲೆಯೇ ನಿಂತು ಬಸವಣ್ಣನವರ ಅಂಕಿತ ಮುಗಿಯುವವರೆಗೆ ಕಾದು, ಬಳಿಕ ಪೀಠವನ್ನೇರಿದರು.

ಶ್ರಾವಣದ ಕೊನೆಯ ವಾರ ಹುಕ್ಕೇರಿಯ ಕಾರ್ಯಕ್ರಮ. ಅದಕ್ಕೆ ಹತ್ತು ದಿನ ಮುಂಚೆ ಅಲ್ಲಿನ ಒಬ್ಬ ತಾಯಿ ಅವನಿಗೆ ಒಂದು ಹಳೆಯ ಕ್ಯಾಸೆಟ್ಟನ್ನು ತಂದುಕೊಟ್ಟರು. ಅವರ ತಾಯಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಓದು ಬಾರದ ಆ ಹಿರಿಯ ತಾಯಿ ಶಿವಾನುಭವ ಗೋಷ್ಠಿಗಳಲ್ಲಿ ಏಕತಾರಿ ಹಿಡಿದು ಅಕ್ಕನ ವಚನಗಳನ್ನು ಹಾಡುತ್ತಿದ್ದವರು. ಯಾರೋ ಒಬ್ಬರು ಒಂದು ಸಂಜೆ ಟೇಪ್ ರೆಕಾರ್ಡರನ್ನು ಅವರ ಮುಂದಿಟ್ಟಿದ್ದರು. ಅದೊಂದೇ ಉಳಿದ ದನಿ. ಅದನ್ನು ಸ್ವಚ್ಛಗೊಳಿಸಿ ಹುಕ್ಕೇರಿಯ ಸಭೆಯಲ್ಲಿ ಕೇಳಿಸಬೇಕೆಂಬುದು ಮಗಳ ಬಯಕೆ.

60 ನಿಮಿಷದ ಕ್ಯಾಸೆಟ್ಟು. ಒಂದು ಮಗ್ಗುಲಿಗೆ 30 ನಿಮಿಷ. ಆ ಮಗ್ಗುಲಿನಲ್ಲಿ ಮೂರು ವಚನಗಳಿದ್ದವು. ಮೂರನೆಯದು ಎಲ್ಲಕ್ಕಿಂತ ತುಂಬಿ ಬಂದದ್ದು. ದನಿ ಕಾದು, ಏಕತಾರಿ ಹದಕ್ಕೆ ಬಂದು, ಕೇಳುತ್ತಿದ್ದವರ ಉಸಿರೂ ಅದರಲ್ಲಿ ಕೇಳುವಂತಿತ್ತು. ಅಂಕಿತ ಬಂದಿತು. ಚೆನ್ನಮಲ್ಲಿ ಎನ್ನುವಷ್ಟರಲ್ಲಿ ಟೇಪು ತೀರಿತು.

ಯುವಕ ಮೊದಲು ಮಾಡಿದ ಉಪಾಯ ಎಲ್ಲರೂ ಮಾಡುವಂಥದು. ಅಂಕಿತಕ್ಕೆ ತುಸು ಮುಂಚಿನಿಂದ 12 ಸೆಕೆಂಡಿನ ಬಾಗಿದ ಫೇಡನ್ನು ಹಾಕಿ, ತುಂಡಾದ ಜಾಗ ಯಾರಿಗೂ ತಿಳಿಯದಂತೆ ಹಾಡನ್ನು ಮೌನದೊಳಗೆ ಕರಗಿಸಿದ. ಕಲಿತ ವಿದ್ಯೆಯೆಲ್ಲ ಅದರಲ್ಲಿತ್ತು. ತಂತ್ರದ ದೃಷ್ಟಿಯಿಂದ ಅದು ಆ ತಿಂಗಳಲ್ಲಿ ಅವನು ಮಾಡಿದ ಅತ್ಯುತ್ತಮ ಫೇಡ್. ಅದನ್ನು ಮಗಳಿಗೆ ಕೇಳಿಸಿದ. ಅವರು ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದರು.

"ಅವ್ವ ಹಿಂಗ ಮುಗಸ್ತಿರಲಿಲ್ಲಪಾ" ಎಂದರು. "ಅಂಕಿತ ಬಂತಂದ್ರ ದನಿ ಏರಸ್ತಿದ್ಲು. ನೀ ಆಕಿನ್ನ ನಿದ್ದಿಗಿ ಹಚ್ಚಿದಂಗ ಮಾಡೀದಿ."

"ಅಕ್ಕಾರ, ಟೇಪ ಅಲ್ಲೇ ಮುಗದೈತ್ರಿ. ಅರ್ಧಕ್ಕ ಕಡದಂಗ ಕೇಳ್ತೈತಿ ಅಂತ ಇಳಿಸೀನ್ರಿ."

ಅವರು ಮತ್ತೇನನ್ನೂ ಹೇಳಲಿಲ್ಲ. ಆತ ಕ್ಯಾಸೆಟ್ಟನ್ನು ಮತ್ತೆ ಗೋಕಾಕಕ್ಕೆ ಒಯ್ದ.

ಎರಡನೆಯ ಉಪಾಯ ಹೆಚ್ಚು ಜಾಣತನದ್ದು. ಮೊದಲನೆಯ ವಚನದ ಕೊನೆಯಲ್ಲಿ ಅದೇ ಅಂಕಿತ ಪೂರ್ಣವಾಗಿಯೇ ಇತ್ತು. ಶ್ರುತಿ ಒಂದೇ, ಏಕತಾರಿ ಒಂದೇ, ಸಂಜೆಯೂ ಒಂದೇ. ಅಲ್ಲಿಂದ 'ಕಾರ್ಜುನ' ಎಂಬುದನ್ನು ಕತ್ತರಿಸಿ ಇಲ್ಲಿ ಜೋಡಿಸಿದರೆ? ಜೋಡಣೆಗೆ ಕ್ರಾಸ್‌ಫೇಡೇ ಬೇಕು. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಎರಡು ಬೇರೆ ಬೇರೆ ಧ್ವನಿಗಳು ಹಾದುಹೋಗುವಾಗ ನಟ್ಟನಡುವೆ ಎರಡೂ 6 ಡೆಸಿಬಲ್ ಇಳಿದಿದ್ದರೆ ಅಲ್ಲಿ ದನಿ ಕುಸಿದಂತೆ ಕೇಳುತ್ತದೆ. 3 ಡೆಸಿಬಲ್ ಮಾತ್ರ ಇಳಿದಿದ್ದರೆ ಸಮನಾಗಿ ಉಳಿಯುತ್ತದೆ. ಒಂದೇ ಧ್ವನಿಯ ಎರಡು ಪ್ರತಿಗಳಾದರೆ ಇದಕ್ಕೆ ವಿರುದ್ಧ, ಅಲ್ಲಿ 6 ಡೆಸಿಬಲ್ಲೇ ಸರಿ. ಆತ 3 ಡೆಸಿಬಲ್ಲಿನ ಬಾಗಿದ ಗೆರೆಯನ್ನು ಆರಿಸಿ, ಒಂದು ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗದಷ್ಟು ಅಗಲದಲ್ಲಿ ಎರಡು ತುಂಡುಗಳನ್ನು ಹೆಣೆದ. ಎರಡು ರಾತ್ರಿ ಹಿಡಿಯಿತು. ಕೊನೆಗೆ ಹೊಲಿಗೆ ಎಲ್ಲಿದೆಯೆಂದು ಅವನಿಗೂ ಕೇಳದಂತಾಯಿತು.

ಅದನ್ನು ಹಿಡಿದು ಹುಕ್ಕೇರಿಗೆ ಹೋದ. ಮಗಳು ಮೂರು ಸಲ ಕೇಳಿದರು. ಮೂರನೆಯ ಸಲ ಅವರ ಕಣ್ಣು ತುಂಬಿದ್ದವು.

"ದನಿ ಅವ್ವಂದ ಖರೆ. ಆದ್ರ ಅವತ್ತ ಆಕಿ ಇದನ್ನ ಹಾಡಿದ್ದಲ್ಲ. ಟೇಪ ಎಷ್ಟ ಹಿಡಕೊಂಡೈತಿ, ಅಷ್ಟ ಇರಲಿ ಬಿಡಪಾ."

"ಕೂತವರಿಗೆ ಕೆಟ್ಟ ಕೇಳ್ತೈತ್ರಿ, ಅಕ್ಕಾರ. ಯಂತ್ರಾ ಕೆಟ್ಟಿತು ಅಂತಾರ."

"ಅನ್ಲಿ."

ಮರಳಿ ಬಂದು ಆತ ಹೊಲಿಗೆಯನ್ನು ಬಿಚ್ಚಿದ. 12 ಸೆಕೆಂಡಿನ ಫೇಡನ್ನೂ ತೆಗೆದ. ಹಾಗೆಂದು ಏನೂ ಮಾಡದೆ ಬಿಡುವಂತಿರಲಿಲ್ಲ. ಅಲೆ ಮೇಲಿರುವಾಗ ದನಿಯನ್ನು ಕಡಿದರೆ ಸ್ಪೀಕರಿನಿಂದ ಟಪ್ ಎಂಬ ಸದ್ದು ಬರುತ್ತದೆ. ದೊಡ್ಡ ಭವನದಲ್ಲಿ ಅದು ಏಟಿನಂತೆ ಕೇಳುತ್ತದೆ, ಮತ್ತು ಆ ಸದ್ದು ಅವ್ವನದೂ ಅಲ್ಲ, ಟೇಪಿನದೂ ಅಲ್ಲ. ಸಿ.ಡಿ. ದರ್ಜೆಯ ಧ್ವನಿಯಲ್ಲಿ ಒಂದು ಸೆಕೆಂಡಿಗೆ 44,100 ಅಳತೆಗಳಿರುತ್ತವೆ. ಆತ ತೆರೆಯನ್ನು ಹಿಗ್ಗಿಸುತ್ತ ಹಿಗ್ಗಿಸುತ್ತ ಅಲೆಯೊಂದು ಬೆಟ್ಟದಷ್ಟಾಗುವವರೆಗೆ ಹೋಗಿ, ಕೊನೆಯ 220 ಅಳತೆಗಳಿಗೆ ಮಾತ್ರ ಫೇಡ್ ಹಾಕಿದ. ಅಂದರೆ ಒಂದು ಸೆಕೆಂಡಿನ ಇನ್ನೂರನೆಯ ಒಂದು ಭಾಗ. ಅಷ್ಟು ಕಿರಿದಾದ ಇಳಿತಕ್ಕೆ ನೇರ ಗೆರೆಯೂ ಒಂದೇ, ಬಾಗಿದ ಗೆರೆಯೂ ಒಂದೇ. ಅದು ಇಳಿತವೆಂದು ಯಾರ ಕಿವಿಗೂ ಕೇಳದು. ಟಪ್ ಎಂಬುದು ಹೋಯಿತು. ಚೆನ್ನಮಲ್ಲಿ ಎಂಬಲ್ಲಿಯವರೆಗೆ ದನಿ ಏರುತ್ತಲೇ ಉಳಿಯಿತು.

ಹುಕ್ಕೇರಿಯ ಭವನ ಅಂದು ತುಂಬಿತ್ತು. ಗೋಡೆಗಳ ಮಾರ್ದನಿಯನ್ನು ಜನರ ಮೈ ನುಂಗಿಕೊಂಡು ಮಾತು ಸ್ವಚ್ಛವಾಗಿ ಕೇಳುತ್ತಿತ್ತು. ಪೂಜ್ಯರು ಆಗಲೇ ಪೀಠದ ಮೇಲಿದ್ದರು. ಹಾಡಿದ ತಾಯಿಯ ಬಗ್ಗೆ ಎರಡು ಮಾತು ಹೇಳಿ ಯುವಕನ ಕಡೆ ನೋಡಿದರು. ಟೇಪಿನ ಸುಯ್ಯೆನ್ನುವ ಸದ್ದಿನೊಂದಿಗೆ ಏಕತಾರಿ ತೊಡಗಿತು. ಆತ ಆ ಸುಯ್ಯೆನ್ನುವುದನ್ನು ಪೂರ್ತಿ ತೆಗೆದಿರಲಿಲ್ಲ. ತೆಗೆದರೆ ದನಿಯ ಅಂಚುಗಳೂ ಅದರೊಡನೆ ಹೋಗುತ್ತಿದ್ದವು. ಮೊದಲನೆಯ ವಚನ, ಎರಡನೆಯದು, ಮೂರನೆಯದು. ಮುಂದಿನ ಸಾಲುಗಳಲ್ಲಿ ಆ ತಾಯಿಯೊಡನೆ ಹಾಡಿದ್ದ ವಯಸ್ಸಾದ ಹೆಣ್ಣುಮಕ್ಕಳು ನಾಲ್ಕೈದು ಜನರಿದ್ದರು. ಒಬ್ಬರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಅಂಕಿತ ಬಂದಿತು. ಚೆನ್ನಮಲ್ಲಿ ಎಂದು ಏರಿ, ದನಿ ಇಲ್ಲವಾಯಿತು.

ಯುವಕನ ಕೈ ಮಿಕ್ಸರಿನ ಮೇಲಿತ್ತು. ಅರ್ಧ ಕ್ಷಣ ಭವನದಲ್ಲಿ ಫ್ಯಾನುಗಳ ಸದ್ದು ಮಾತ್ರ. ಬಳಿಕ ಮುಂದಿನ ಸಾಲಿನಿಂದ, ತಾಳ ಹಾಕುತ್ತಿದ್ದವರಿಂದಲೇ ಇರಬೇಕು, ಕಾರ್ಜುನಾ ಎಂದು ಕೇಳಿಸಿತು. ಅವರ ಹಿಂದೆ ಇನ್ನಿಬ್ಬರು, ಅವರ ಹಿಂದೆ ಭವನದ ಅರ್ಧ ಭಾಗ. ಶ್ರುತಿ ಒಂದಿಷ್ಟು ಹೆಚ್ಚುಕಡಿಮೆಯಾಗಿತ್ತು. ಕೊನೆಯ ಅಕ್ಷರವನ್ನು ಅವರು ಎಳೆದು, ತಮ್ಮತಮ್ಮ ಉಸಿರು ಮುಗಿದ ಹಾಗೆ ಒಬ್ಬೊಬ್ಬರಾಗಿ ಬಿಟ್ಟರು. ಎಲ್ಲರ ಕೊನೆಗೆ ಉಳಿದದ್ದು ಮಗಳ ದನಿ.

ಪಟ್ಟಿಯಲ್ಲಿ ಮುಂದಿನ ಕಡತ ಸಿದ್ಧವಾಗಿ ನಿಂತಿತ್ತು. ಆತ ಗುಂಡಿಯಿಂದ ಬೆರಳನ್ನು ತೆಗೆದು ಕೈಯನ್ನು ಮಡಿಲಲ್ಲಿಟ್ಟುಕೊಂಡ.